ಆಯ್ತು ಎಂದರೆ

ಆ ಭಾನುವಾರದಿಂದೀಚೆಗೆ ಅವನು ಒಂದು ಪದವನ್ನು ಬಾಯಿಗೆ ತರದೆ ತಿರುಗುತ್ತಿದ್ದ. ಅದು ಬೈಗುಳವಲ್ಲ, ಯಾರ ಹೆಸರೂ ಅಲ್ಲ. ದಿನಕ್ಕೆ ಎಷ್ಟು ಸಲ ಅದು ನಾಲಿಗೆಯ ತುದಿಗೆ ಬಂದು ನಿಲ್ಲುತ್ತದೆ ಎಂಬುದು ತಡೆಯಲು ಹೊರಟ ಮೇಲೆಯೇ ಅವನಿಗೆ ಗೊತ್ತಾದದ್ದು. ಹಾಲಿನವನು ನಾಳೆ ಬರೋದಿಲ್ಲ ಎಂದಾಗ, ಬಸ್ಸಿನಲ್ಲಿ ಪಕ್ಕದವನು ಚೂರು ಸರೀರಿ ಎಂದಾಗ, ಫೋನಿನಲ್ಲಿ ತಂಗಿ ಇಡ್ತೀನಿ ಕಣೋ ಎಂದಾಗ, ಅದು ಗಂಟಲಿನಿಂದ ತಾನಾಗಿ ಎದ್ದು ಬರುತ್ತಿತ್ತು. ಅವನು ಅದನ್ನು ನುಂಗಿಕೊಂಡು 'ಸರಿ' ಎಂದೋ 'ಹೂಂ' ಎಂದೋ ಅನ್ನುತ್ತಿದ್ದ. ಈ ಬೆಳಿಗ್ಗೆ ಬಚ್ಚಲಿನ ಬಾಗಿಲು ಹಾಕಿಕೊಂಡು, ಗಡ್ಡ ಹೆರೆಯುತ್ತ, ಕನ್ನಡಿಯ ಮುಂದೆ ದನಿ ತಗ್ಗಿಸಿ ಹೇಳಿ ನೋಡಿದ. ಆಯ್ತು. ಇನ್ನೊಮ್ಮೆ, ಕೊನೆಯನ್ನು ಸ್ವಲ್ಪ ಇಳಿಸಿ. ಆಯ್ತು. ನೊರೆ ಬಳಿದ ಮುಖ ಎರಡಕ್ಕೂ ಒಂದೇ ತೆರನಾಗಿ ತುಟಿ ಆಡಿಸಿತು.

"ರೀ, ಗೀಸರ್‌ನವನಿಗೆ ಇವತ್ತಾದ್ರೂ ಫೋನ್ ಮಾಡ್ತೀರಾ?" ಅಡುಗೆಮನೆಯಿಂದ ಹೆಂಡತಿ ಕೇಳಿದಳು.

"ಹೂಂ. ಮಾಡ್ತೀನಿ."

"ಅಬ್ಬಾ. ಪೂರ್ತಿ ಕ್ರಿಯಾಪದ. ಮೈಗೆ ಹುಷಾರಿಲ್ವಾ?"

ಅವನು ಗದ್ದ ಎತ್ತಿ ಬ್ಲೇಡು ಆಡಿಸಿದ. ಅವಳು ಪಾತ್ರೆಯ ಸದ್ದಿನ ನಡುವೆಯೇ ಮುಂದುವರಿಸಿದಳು: "ಅಲ್ಲ, ಇಷ್ಟು ದಿನ 'ಆಯ್ತು' ಅಂತಿದ್ರಿ. ನಿಮ್ಮ ಆಯ್ತಿಗೆ ಅರ್ಥ ಹಚ್ಚೋದನ್ನ ಕಲಿಯೋಕೇ ನನಗೆ ಇಷ್ಟು ವರ್ಷ ಬೇಕಾಯ್ತು. ತಲೆ ಎತ್ತಿ ಹೇಳಿದ್ರೆ ಮಾಡ್ತೀರಿ. ತಲೆ ತಗ್ಗಿಸಿ ಹೇಳಿದ್ರೆ ಕೇಳಿಸ್ಕೊಂಡೇ ಇಲ್ಲ ಅಂತ."

"ಫೋನಲ್ಲಿ ಹೇಳಿದ್ರೆ?"

"ಫೋನಲ್ಲಿ ಹೇಳಿದ್ರೆ ದೇವರೇ ಗತಿ."

ಅವಳು ನಕ್ಕಳು. ಅವಳಿಗೆ ಏನೂ ಗೊತ್ತಿರಲಿಲ್ಲ. ಆಫೀಸಿನಲ್ಲಿ ಏನೋ ಮೀಟಿಂಗ್ ಇದೆ ಎಂದಷ್ಟೇ ಅವನು ಹೇಳಿದ್ದ. ಬ್ಲೇಡು ಗದ್ದದ ಕೆಳಗೆ ಸಣ್ಣಗೆ ಕಚ್ಚಿತು. ಈ ಹೆಂಗಸು ಈಗ ಹೇಳಿದ್ದನ್ನೇ ಮಧ್ಯಾಹ್ನ ಮೀಟಿಂಗಿನ ಕೋಣೆಯಲ್ಲಿ ಸಾಕ್ಷಿಯಾಗಿ ಹೇಳಿದರೆ ಅಲ್ಲಿಗೆ ಎಲ್ಲವೂ ತೀರ್ಮಾನವಾಗುತ್ತದೆ ಎಂದುಕೊಂಡ. ಆದರೆ ಯಾವ ಕಡೆಗೆ ತೀರ್ಮಾನವಾಗುತ್ತದೆ ಎಂಬುದು ಅವನಿಗೇ ಹೊಳೆಯಲಿಲ್ಲ.

ಆಸ್ಪತ್ರೆಯ ಪ್ರಯೋಗಾಲಯದಿಂದ ವಾರ್ಡುಗಳಿಗೆ ರಕ್ತಪರೀಕ್ಷೆಯ ವರದಿ ಸಾಗಿಸುವ ಸರ್ವರುಗಳನ್ನು ನೋಡಿಕೊಳ್ಳುವುದು ಅವನ ಕಂಪನಿಯ ಕೆಲಸ. ಸರ್ವರಿನೊಳಗೆ ಬೇರೆ ಬೇರೆ ಕಾಂಪೊನೆಂಟುಗಳಿರುತ್ತವೆ, ವರದಿ ಓದುವುದೊಂದು, ವಿಳಾಸ ಹಚ್ಚುವುದೊಂದು, ಸಾಗಿಸುವುದೊಂದು, ಒಂದರ ಹೆಗಲ ಮೇಲೆ ಒಂದು ಹತ್ತಿ ನಿಂತ ಹಾಗೆ. ಹೊಸದನ್ನು ಕೂರಿಸುವುದು, ಹಳೆಯದನ್ನು ಮುಂದಿನ ಆವೃತ್ತಿಗೆ ಏರಿಸುವುದು ಅವನ ಪಾಲಿನದು. ಮೊದಲೆಲ್ಲ ಡಿಸ್ಕ್ ಹಿಡಿದುಕೊಂಡು ಆ ಚಳಿಕೋಣೆಗೇ ಹೋಗಬೇಕಿತ್ತು, ಪರದೆಯ ಮೇಲಿನ ನೀಲಿ ಪಟ್ಟಿ ತುಂಬುವ ತನಕ ಸ್ವೆಟರ್ ಹಾಕಿಕೊಂಡು ಕೂರಬೇಕಿತ್ತು. ತುಂಬಿದ್ದು ಕಣ್ಣಿಗೆ ಕಾಣುತ್ತಿತ್ತು. ಈಗ ಅದಕ್ಕೊಂದು ಎಪಿಐ ಬಂದಿದೆ, ದೂರದಿಂದಲೇ ಸರ್ವರಿಗೆ ಕೆಲಸ ಹೇಳುವ ದಾರಿ. ಸರ್ವರ್ ಯಾವ ಕಟ್ಟಡದಲ್ಲಿದೆ ಎಂದೂ ಅವನು ನೋಡಿಲ್ಲ. ಕೂತಲ್ಲಿಂದಲೇ ನಾಲ್ಕು ಸಾಲಿನ ಕೋರಿಕೆ ಬರೆದು ಕಳಿಸಬೇಕು: ಇಂಥ ಸರ್ವರಿನ ಇಂಥ ಕಾಂಪೊನೆಂಟನ್ನು ಇಂಥ ಆವೃತ್ತಿಗೆ ಏರಿಸು. ಕಳಿಸಿದ ತಕ್ಷಣ ಉತ್ತರ ಬರುತ್ತದೆ, 'ಅಕ್ಸೆಪ್ಟೆಡ್' ಎಂದು, ಜೊತೆಗೊಂದು ನಂಬರು. ನಿನ್ನ ಕೋರಿಕೆ ಸ್ವೀಕರಿಸಿದ್ದೇನೆ ಎಂದು ಅದರ ಅರ್ಥವೇ ಹೊರತು ಕೆಲಸ ಮುಗಿಸಿದ್ದೇನೆ ಎಂದಲ್ಲ. ಆ ನಂಬರು ಹಿಡಿದು ಮತ್ತೆ ಮತ್ತೆ ಕೇಳುತ್ತಿರಬೇಕು, ಎಲ್ಲಿಗೆ ಬಂತು, ಎಲ್ಲಿಗೆ ಬಂತು ಎಂದು. ಸಾಲಿನಲ್ಲಿದೆ ಅನ್ನುತ್ತದೆ, ನಡೆಯುತ್ತಿದೆ ಅನ್ನುತ್ತದೆ, ಕೊನೆಗೊಮ್ಮೆ ಮುಗಿಯಿತು ಅನ್ನುತ್ತದೆ, ಇಲ್ಲವೇ ಕೆಟ್ಟಿತು ಅನ್ನುತ್ತದೆ. ಹೊಸದಾಗಿ ಸೇರಿದವರಿಗೆ ಮೊದಲ ದಿನವೇ ಇದನ್ನು ಹೇಳಿಕೊಡುವವನು ಅವನೇ. ಹಿಂದೆ ಕಂಪ್ಯೂಟರ್ ತರಬೇತಿ ಕೇಂದ್ರವೊಂದರಲ್ಲಿ ಪಾಠ ಮಾಡುತ್ತಿದ್ದ, ಬೇರೆಯವರ ಮೇಲ್‌ಗಳಲ್ಲಿ ಕಾಗುಣಿತದ ತಪ್ಪು ಹುಡುಕುವ ಚಾಳಿಯೂ ಇತ್ತು, ಹಾಗಾಗಿ ಆಫೀಸಿನಲ್ಲಿ ಅವನಿಗೆ ಮೇಷ್ಟ್ರು ಎಂದೇ ಹೆಸರು. ಮೊದಮೊದಲು ಆ ಹೆಸರಿನಲ್ಲಿ ಗೌರವ ಎಷ್ಟು, ಕುಹಕ ಎಷ್ಟು ಎಂದು ಅಳೆಯುತ್ತಿದ್ದ. ಆಮೇಲೆ ಬಿಟ್ಟುಬಿಟ್ಟಿದ್ದ.

ಬಸ್ಸಿನಲ್ಲಿ ಕಿಟಕಿಯ ಬದಿ ಸಿಕ್ಕಿತು. ಮುಂದಿನ ಸೀಟಿನ ಬೆನ್ನಿಗೆ ಯಾರೋ ಮೊಳೆಯಿಂದ ಎರಡು ಹೆಸರು ಕೆತ್ತಿ, ಇನ್ಯಾರೋ ಅದರಲ್ಲೊಂದನ್ನು ಕೆರೆದು ಹಾಕಿದ್ದರು. ಅವನು ಆ ಕೆರೆದ ಜಾಗವನ್ನೇ ನೋಡುತ್ತ ಭಾನುವಾರವನ್ನು ಮತ್ತೆ ಮೊದಲಿನಿಂದ ಓಡಿಸಿದ. ಕಾಂಪೊನೆಂಟನ್ನು ಏರಿಸುವ ಹೊತ್ತಿನಲ್ಲಿ ಹೊಸ ವರದಿಗಳು ಒಳಗೆ ಬರದಂತೆ ತಡೆದು ನಿಲ್ಲಿಸುವುದು, ಮುಗಿದ ಮೇಲೆ ಬಿಡುವುದು ಇನ್ನೊಬ್ಬಳ ಕೆಲಸ. ಆ ತಡೆಗೆ ಎಲ್ಲರೂ ಗೇಟು ಅನ್ನುವುದರಿಂದ ಅವಳು ಗೇಟಮ್ಮ. ಅವನಿಗಿಂತ ತುಂಬಾ ಚಿಕ್ಕವಳು, ವರ್ಷವರ್ಷವೂ ನವೀಕರಿಸುವ ಗುತ್ತಿಗೆಯ ಮೇಲಿದ್ದವಳು. ಆ ದಿನ ಅವನು ಮೇಲಿನ ಮಹಡಿಯಲ್ಲಿ, ಅವಳು ಕೆಳಗಿನ ಮಹಡಿಯಲ್ಲಿ, ನಡುವೆ ಫೋನು. ಬದಲಾವಣೆ ಮಾಡುವ ದಿನ ಅಂಥ ಕರೆಗಳನ್ನೆಲ್ಲ ರೆಕಾರ್ಡ್ ಮಾಡಬೇಕೆಂದು ಕಂಪನಿಯ ನಿಯಮ. ಬೆಳಿಗ್ಗೆಯೇ ಒಂದು ಕಹಿಯಾಗಿತ್ತು. ಎಲ್ಲರೂ ಕರೆಯಲ್ಲಿದ್ದಾಗ ಅವಳು, "ಮೇಷ್ಟ್ರೇ, ಸಾಗಿಸೋದನ್ನ ಏರಿಸೋಕೆ ಮುಂಚೆ ಅದರ ಕೆಳಗಿನದನ್ನ ಏರಿಸ್ಬೇಕಲ್ವಾ? ಇಲ್ಲಾಂದ್ರೆ ಅದು ಯಾರ ಹೆಗಲ ಮೇಲೆ ನಿಲ್ಲುತ್ತೆ?" ಎಂದಿದ್ದಳು. ಅವಳು ಹೇಳಿದ್ದು ಸರಿ. ಅವನು ಸಾಲುಗಳನ್ನು ಹಿಂದುಮುಂದು ಬರೆದಿದ್ದ. ಯಾರೋ ಹುಡುಗ ಕಿಸಕ್ಕೆಂದ. "ನೋಡ್ತಿದ್ರಾ ಅಂತ ಪರೀಕ್ಷೆ ಮಾಡ್ದೆ" ಎಂದು ಅವನು ಹೇಳಿದ, ಯಾರೂ ನಗಲಿಲ್ಲ. ಆಮೇಲೆ ಉಳಿದವರೆಲ್ಲ ಕರೆಯಿಂದ ಹೋದರು. ಕೆಳಗಿನ ಕಾಂಪೊನೆಂಟುಗಳು ಒಂದೊಂದಾಗಿ ಏರಿದವು. ಕೊನೆಯದಕ್ಕೆ ಕೋರಿಕೆ ಬರೆಯುತ್ತಿದ್ದಾಗ ಅವಳು ಫೋನಿನಲ್ಲಿ ಅಂದಳು: "ಮೇಷ್ಟ್ರೇ, ಆದ ತಕ್ಷಣ ಹೇಳಿ, ಗೇಟು ತೆಗೀತೀನಿ." ಅವನು ಸುಮ್ಮನೆ ಕೀಲಿ ಒತ್ತುತ್ತಿದ್ದ. ಕಳಿಸಿದ. 'ಅಕ್ಸೆಪ್ಟೆಡ್' ಬಂತು. ಅವನು "ಆಯ್ತು" ಎಂದ. ಫೋನಿಟ್ಟು, ಕಾಫಿ ತರಲು ಎದ್ದು ಹೋದ.

ವಾಪಸು ಬಂದಾಗ ಕೆಲಸ ಇನ್ನೂ 'ನಡೆಯುತ್ತಿದೆ' ಎಂದಿತ್ತು, ಗೇಟು ತೆರೆದಿತ್ತು. ಅರ್ಧ ಏರಿದ ಆ ಕಾಂಪೊನೆಂಟು ಬಂದ ವರದಿಗಳನ್ನೆಲ್ಲ ತೆಗೆದುಕೊಂಡು, ತಲುಪಿಸಿದೆ ಎಂದು ಪ್ರಯೋಗಾಲಯಕ್ಕೆ ಹೇಳಿ, ಯಾರಿಗೂ ತಲುಪಿಸದೆ ಎಸೆದಿತ್ತು. ಹೆಚ್ಚಿನವು ಮಾಮೂಲಿ ವರದಿಗಳು, ಇನ್ನೊಮ್ಮೆ ಕಳಿಸಿದರು. ಒಬ್ಬ ಮುದುಕಿಯದು ಮಾತ್ರ ಹಾಗಿರಲಿಲ್ಲ. ರಕ್ತದಲ್ಲಿ ಪೊಟ್ಯಾಸಿಯಂ ಏರಿದೆ ಎಂಬ ವರದಿ ವಾರ್ಡಿಗೆ ಬಾರದೆ, ಅವಳ ಎದೆಬಡಿತ ತಪ್ಪಿ, ತುರ್ತು ಘಟಕಕ್ಕೆ ಒಯ್ಯಬೇಕಾಯಿತು. ಬದುಕಿಕೊಂಡಳು. ಮಗ ದೂರು ಕೊಟ್ಟ. ಆಸ್ಪತ್ರೆಯವರು, ಯಾರಿಂದಾದದ್ದು ಎಂದು ಹೇಳಿ, ಅವರನ್ನು ನಮ್ಮ ಕೆಲಸದಿಂದ ತೆಗೆಯಿರಿ ಎಂದರು. ಆ ಮುದುಕಿಯ ಮುಖವನ್ನು ಕಲ್ಪಿಸಿಕೊಳ್ಳಲು ಅವನು ಎಷ್ಟೋ ಸಲ ಹೊರಟ. ಬರುತ್ತಿದ್ದದ್ದು ಮಾತ್ರ, ಕಿಸಕ್ಕೆಂದ ಹುಡುಗನ ದನಿ. ತಾನು ಎಂಥ ಮನುಷ್ಯ ಎಂಬುದಕ್ಕೆ ಇಷ್ಟು ಸಾಕು ಅನ್ನಿಸಿತು. ಮರುಕ್ಷಣವೇ, ಹೀಗೆ ಅನ್ನಿಸಿಕೊಳ್ಳುವುದರಲ್ಲೂ ತನಗೊಂದು ಹಿತ ಇದೆಯಲ್ಲ ಎಂದು ಹೇಸಿಗೆಯಾಯಿತು.

ಸ್ಟಾಪಿನಲ್ಲಿ ಇಳಿಯುವಾಗ ಕಂಡಕ್ಟರ್, "ಹಿಂದೆ ಎಲ್ಲಾ ಆಯ್ತಾ?" ಎಂದು ಕೂಗಿದ. ಅವನೇ ಕೊನೆಯವನು. ಬಾಯಿ ಬಿಡದೆ ಕೈಯೆತ್ತಿ ಆಡಿಸಿ ಇಳಿದ. "ಬಾಯಲ್ಲೇನು ಕಡುಬಾ?" ಎಂದು ಹಿಂದಿನಿಂದ ಕೇಳಿಸಿತು.

ವಿಭಾಗದ ಮುಖ್ಯಸ್ಥನನ್ನು ಎಲ್ಲರೂ ಸಾಹೇಬ ಅನ್ನುತ್ತಿದ್ದರು. ಮೀಟಿಂಗಿಗೆ ಮುಂಚೆ ಅವನು ಲಿಫ್ಟಿನ ಬಳಿಯೇ ಮೇಷ್ಟ್ರನ್ನು ಹಿಡಿದ. ಹೆಗಲ ಮೇಲೆ ಕೈ ಹಾಕಿದ. ಆ ಕೈ ಭಾರವಾಗಿತ್ತು, ಬೆಚ್ಚಗಿತ್ತು, ಅದಕ್ಕೆ ಸುಗಂಧದ ಪೌಡರಿನ ವಾಸನೆಯಿತ್ತು.

"ಮೇಷ್ಟ್ರೇ, ತಲೆ ಕೆಡಿಸ್ಕೋಬೇಡಿ. ಅವಳೇನಂದ್ಲು, ಆದ ತಕ್ಷಣ ಹೇಳಿ ಅಂದ್ಲು. ನೀವೇನಂದ್ರಿ, ಆಯ್ತು ಅಂದ್ರಿ. ಅಂದ್ರೆ, ಸರಿ ಕಣಮ್ಮ, ಹೇಳ್ತೀನಿ ಅಂತ. ಚಿಕ್ಕ ಮಗೂಗೂ ಅರ್ಥ ಆಗುತ್ತೆ. ಅಷ್ಟೇ ತಾನೆ?"

"ಅಷ್ಟೇ ಅನ್ಸುತ್ತೆ ಸಾರ್."

"ಅನ್ಸೋದೆಲ್ಲ ಬೇಡ. ಅನ್ಸಿದ್ದನ್ನ ಮನೇಲಿಟ್ಟು ಬನ್ನಿ. ಆಸ್ಪತ್ರೆಯವರಿಗೆ ಒಬ್ಬರು ಬೇಕು. ನಿಮ್ಮನ್ನ ಕಳ್ಕೊಂಡ್ರೆ ಇಲ್ಲಿ ಏನು ಎಲ್ಲಿದೆ ಅಂತ ಗೊತ್ತಿರೋರು ಯಾರಿದ್ದಾರೆ? ಅವಳದು ಹೇಗೂ ಗುತ್ತಿಗೆ. ಈ ವರ್ಷ ನವೀಕರಿಸಲ್ಲ, ಅಷ್ಟೇ. ತೆಗೆದುಹಾಕಿದ ಹಾಗೂ ಆಗಲ್ಲ."

ಲಿಫ್ಟಿನ ಬಾಗಿಲು ತೆರೆದು, ಯಾರೂ ಹತ್ತದೆ ಮುಚ್ಚಿಕೊಂಡಿತು. ಸಾಹೇಬ ಹೇಳಿದ್ದು ಸುಳ್ಳೇನಲ್ಲ. ಹಾಗೆ ಹೇಳಿದ್ದಿರಬಹುದು. ಹೇಳಿದ್ದೇ ಇರಬಹುದು. ಆದರೆ ಹಾಗಿದ್ದರೆ ಕೆಲಸ ಮುಗಿಯುವ ಮೊದಲೇ ತಾನು ಎದ್ದು ಹೋದದ್ದೇಕೆ? ಮುಗಿಯಿತು ಎಂದುಕೊಂಡವನಲ್ಲವೇ ಎದ್ದು ಹೋಗುವುದು? ಇಲ್ಲ, ಏರುವುದಕ್ಕೆ ಹೊತ್ತು ಹಿಡಿಯುತ್ತದೆ ಎಂದು ಗೊತ್ತಿದ್ದವನೂ ಹೋಗುತ್ತಾನೆ, ತಾನು ಎಷ್ಟು ಸಲ ಹೋಗಿಲ್ಲ. ಅಥವಾ ಅದು ಅವಳಿಗೆ ಹೇಳಿದ ಮಾತೇ ಅಲ್ಲ, ಕೋರಿಕೆ ಕಳಿಸಿದ್ದಾಯಿತು ಎಂದು ತನಗೆ ತಾನೇ ಅಂದುಕೊಂಡದ್ದು, ಹೊರೆ ಇಳಿಸಿದವನು ಉಸಿರು ಬಿಟ್ಟ ಹಾಗೆ. ಇದಕ್ಕಿಂತ ಕೆಟ್ಟದ್ದೊಂದು ಇತ್ತು, ಅದನ್ನು ಅವನು ಬಸ್ಸಿನಲ್ಲಿ ಮುಟ್ಟದೆ ಬಿಟ್ಟಿದ್ದ: ಆ ಮಾತು ಎರಡು ರೀತಿಯಲ್ಲಿ ಕೇಳಿಸುತ್ತದೆ ಎಂದು ಆಡುವಾಗಲೇ ಅವನಿಗೆ ಗೊತ್ತಿತ್ತೇ? 'ಆಮೇಲೆ ಹೇಳ್ತೀನಿ' ಎಂದು ಇನ್ನೆರಡು ಪದ ಸೇರಿಸಲು ಎಷ್ಟು ಹೊತ್ತು ಬೇಕಿತ್ತು? ಬೆಳಿಗ್ಗೆ ತನ್ನನ್ನು ತಿದ್ದಿದವಳಿಗೆ ಆ ಎರಡು ಪದವನ್ನು ಕೊಡಲು ಮನಸ್ಸಾಗಲಿಲ್ಲವೇ? ಇಷ್ಟು ಸಣ್ಣದಕ್ಕೆ? ಅವನು ತನ್ನೊಳಗೆ ಹುಡುಕಿದ. ಅಲ್ಲಿ ಏನೂ ಇರಲಿಲ್ಲ, ಕೀಲಿಮಣೆಯ ಸದ್ದಿತ್ತು, ಅಷ್ಟೇ.

ಮೀಟಿಂಗ್ ಕೋಣೆಯಲ್ಲಿ ನಾಲ್ಕೇ ಜನ. ಸಾಹೇಬ, ಸಿಬ್ಬಂದಿ ವಿಭಾಗದ ಮೇಡಂ, ಗೇಟಮ್ಮ, ಅವನು. ಮೇಡಂ ಕನ್ನಡಕ ಒರೆಸಿಕೊಂಡು, ಇದು ವಿಚಾರಣೆಯಲ್ಲ, ಸುಮ್ಮನೆ ಮಾತುಕತೆ ಎಂದು ಹೇಳಿ, ವಿಚಾರಣೆ ಶುರು ಮಾಡಿದಳು. ಗೇಟಮ್ಮ ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಬಂದಿದ್ದಳು, ಸಂದರ್ಶನಕ್ಕೆ ಬಂದವಳ ಹಾಗೆ. ಎದುರಿಗಿದ್ದ ನೀರಿನ ಲೋಟವನ್ನು ಮುಟ್ಟಿರಲಿಲ್ಲ. ಸಾಹೇಬ ರೆಕಾರ್ಡಿಂಗ್ ಹಾಕಿದ. ಮೇಷ್ಟ್ರೇ, ಆದ ತಕ್ಷಣ ಹೇಳಿ, ಗೇಟು ತೆಗೀತೀನಿ. ಆಮೇಲೆ ಮೌನ, ಆ ಮೌನದ ಅಡಿಯಲ್ಲಿ ಟಕಟಕ. ಆಮೇಲೆ ಒಬ್ಬ ಗಂಡಸು, ಆಯ್ತು. ಅದು ತನ್ನ ದನಿಯೇ ಎಂದು ಅವನಿಗೆ ಮೊದಲು ನಂಬಿಕೆ ಬರಲಿಲ್ಲ. ಇಷ್ಟು ಸೋಮಾರಿಯಾಗಿ, ಇಷ್ಟು ಮೂಗಿನಿಂದ ತಾನು ಮಾತಾಡುತ್ತೇನೆಯೇ? ಇಷ್ಟು ವರ್ಷ ಹೆಂಡತಿ ಇದನ್ನೇ ಕೇಳಿಸಿಕೊಂಡಿದ್ದಾಳೆಯೇ?

"ಇನ್ನೊಂದ್ಸಲ ಹಾಕಿ," ಮೇಡಂ ಅಂದಳು. ಹಾಕಿದರು. "ಕೊನೇಲಿ ಇಳಿಯುತ್ತೆ ನೋಡಿ. ಇಳಿದ್ರೆ ಮುಗೀತು ಅಂತ ಅಲ್ವಾ?"

"ಎಲ್ಲಿ ಮೇಡಂ ಇಳಿಯುತ್ತೆ?" ಸಾಹೇಬ ಅಂದ. "ನಮ್ಮನೇಲಿ ತರಕಾರಿ ತನ್ನಿ ಅಂದಾಗ ನಾನು ಹೇಳೋದೂ ಹೀಗೇ. ಆಯ್ತು. ಕೇಳಿ, ಆಯ್ತು. ತಂದುಬಿಟ್ಟಿದೀನಿ ಅಂತಾನಾ ಅರ್ಥ?"

"ನೀವು ತರ್ತೀರೋ ಇಲ್ವೋ ನನಗೇನು ಗೊತ್ತು. ನನ್ನ ಪ್ರಕಾರ ತರ್ತೀನಿ ಅನ್ನೋದು ಹಿಂಗೆ: ಆ...ಯ್ತು. ಸ್ವಲ್ಪ ಎಳೀಬೇಕು. ಇವರು ಎಳೆದಿಲ್ಲ."

"ನಮ್ಮ ಕಡೆ ಯಾರೂ ಎಳೆಯಲ್ಲ."

ಮತ್ತೆ ಹಾಕಿದರು. ಬರೀ ಆ ಪದವನ್ನೇ ಕತ್ತರಿಸಿ, ಒಂದರ ಹಿಂದೆ ಒಂದು. ಸಾಹೇಬನೂ ಮೇಡಮ್ಮೂ ಸರದಿಯ ಮೇಲೆ ಅದನ್ನು ಹೇಳಿ ಹೇಳಿ ನೋಡಿದರು, ಅಂಗಡಿಯಲ್ಲಿ ಮಡಕೆ ಬಡಿದು ನೋಡುವವರ ಹಾಗೆ. ಗಾಜಿನ ಗೋಡೆಯಾಚೆ ಹಾದುಹೋದವನೊಬ್ಬ ಒಳಗೆ ಇಣುಕಿದ. ಕೇಳುತ್ತ ಕೇಳುತ್ತ ಪದ ಸಡಿಲವಾಗಿ, 'ಆ' ಬೇರೆ 'ಯ್ತು' ಬೇರೆಯಾಗಿ, ಕೊನೆಗೆ ಬಾಗಿಲ ಕೀಲಿನ ಸದ್ದಿನಷ್ಟೇ ಉಳಿಯಿತು. ಇನ್ನೊಂದು ಬಾಗಿಲು, ತಿಳಿನೀಲಿ ಬಣ್ಣದ್ದು, ಎರಡೂ ಕಡೆಗೆ ತೆರೆದುಕೊಳ್ಳುವಂಥದು, ಅಪ್ಪನನ್ನು ಆಪರೇಷನ್ನಿಗೆ ಒಳಗೆ ಕರೆದುಕೊಂಡು ಹೋಗಿದ್ದ ಬಾಗಿಲು. ಆಗ ಅವನು ಕಾಲೇಜಿನಲ್ಲಿದ್ದ. ಅಮ್ಮ ಬೆಂಚಿನ ತುದಿಯಲ್ಲಿ ಫ್ಲಾಸ್ಕನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಹಸಿರು ಟೊಪ್ಪಿಯವನೊಬ್ಬ ಹೊರಗೆ ಬಂದು ಕೈಗವಸು ಕಳಚುತ್ತ ಅವನ ಕಡೆ ನೋಡಿ, ಆಯ್ತು ಅಂದು ಹಾಗೇ ನಡೆದುಹೋದ. ಅವನು ಓಡಿಬಂದು, ಅಮ್ಮಾ ಆಯ್ತಂತೆ, ಆಪರೇಷನ್ ಆಯ್ತಂತೆ ಅಂದ. ಅಮ್ಮ ಕಣ್ಣು ಮುಚ್ಚಿ ಉಸಿರು ಬಿಟ್ಟು, ಫ್ಲಾಸ್ಕಿನ ಮುಚ್ಚಳ ತಿರುಗಿಸಿ, ಮೊದಲು ನೀನು ಕುಡಿ, ಬೆಳಿಗ್ಗೆಯಿಂದ ಹಾಗೇ ಇದ್ದೀಯ ಅಂದಳು. ಇಬ್ಬರೂ ಕಾಫಿ ಕುಡಿದರು. ಅಮ್ಮ ನಗುತ್ತ ಪಕ್ಕದ ಬೆಂಚಿನ ಹೆಂಗಸಿಗೂ ಕೊಟ್ಟಳು. ಆಮೇಲೆ ಚಿಕ್ಕಪ್ಪ ಆ ಬಾಗಿಲಿನಿಂದ ಹೊರಗೆ ಬಂದ. ಅವನ ಮುಖ ನೋಡಿದ ಮೇಲೂ ಅಮ್ಮನ ತುಟಿಯ ಮೇಲೆ ಆ ನಗು ಸ್ವಲ್ಪ ಹೊತ್ತು ಉಳಿದಿತ್ತು, ಅದನ್ನು ಎಲ್ಲಿಡಬೇಕೆಂದು ಗೊತ್ತಾಗದವಳ ಹಾಗೆ. ಆ ಕಾಫಿಯ ಮಾತನ್ನು ಅವಳು ಯಾವತ್ತೂ ಎತ್ತಲಿಲ್ಲ. ಆ ಫ್ಲಾಸ್ಕ್ ಇನ್ನೂ ಮನೆಯಲ್ಲಿದೆ, ಬಿಸಿ ಚೆನ್ನಾಗಿ ಹಿಡಿಯುತ್ತದೆ.

"ಮೇಷ್ಟ್ರೇ," ಸಾಹೇಬ ಕರೆಯುತ್ತಿದ್ದ. "ಎಲ್ಲಿದೀರಿ? ಹೇಳಿ, ಆಡಿದೋರು ನೀವೇ ಇದೀರಲ್ಲ, ನಾವ್ಯಾಕೆ ಊಹೆ ಮಾಡ್ಬೇಕು. ಯಾವ ಅರ್ಥದಲ್ಲಿ ಹೇಳಿದ್ರಿ?"

ಮೂವರೂ ಅವನನ್ನು ನೋಡಿದರು. ಗೇಟಮ್ಮನ ನೋಟದಲ್ಲಿ ಬೇಡಿಕೆ ಇರಲಿಲ್ಲ. ಬಸ್ಸು ಬರುತ್ತದೋ ಇಲ್ಲವೋ ಎಂದು ರಸ್ತೆಯ ತಿರುವನ್ನು ನೋಡುವವರ ನೋಟ ಅದು. ಸರಿ ಅನ್ನೋ ಅರ್ಥದಲ್ಲಿ ಎಂದರೆ ಅವಳ ಕೆಲಸ ಹೋಗುತ್ತದೆ. ಮುಗೀತು ಅನ್ನೋ ಅರ್ಥದಲ್ಲಿ ಎಂದರೆ ತನ್ನ ಕೆಲಸ, ಅಥವಾ ಕನಿಷ್ಠ ಪಕ್ಷ ತನ್ನ ಹೆಸರು. ಎರಡರಲ್ಲಿ ಯಾವುದನ್ನು ಹೇಳಿದರೂ ಅದು ತನಗೆ ಗೊತ್ತಿಲ್ಲದ್ದನ್ನು ಹೇಳಿದ ಹಾಗೆ. ಅವನಿಗೆ ಇದ್ದಕ್ಕಿದ್ದಂತೆ ಮೈ ಹಗುರವಾಯಿತು, ಮೂರನೆಯದೊಂದು ದಾರಿ ಇತ್ತು, ಅದು ಸತ್ಯವೂ ಆಗಿತ್ತು.

"ನನಗೆ ಗೊತ್ತಿಲ್ಲ ಸಾರ್," ಎಂದ.

"ಗೊತ್ತಿಲ್ಲ ಅಂದ್ರೆ?"

"ಯಾವ ಅರ್ಥದಲ್ಲಿ ಹೇಳಿದೆ ಅಂತ ನನಗೇ ಗೊತ್ತಿಲ್ಲ."

"ಬಾಯಿ ನಿಮ್ದೇ ತಾನೆ?"

"ನನ್ದೇ."

ಸಾಹೇಬ ಕುರ್ಚಿಗೆ ಒರಗಿದ. ಅವನ ಮುಖದಲ್ಲಿ ಸಿಟ್ಟೇನೂ ಕಾಣಲಿಲ್ಲ. ಮೇಡಂ ಕಾಗದ ತಿರುವಿ, ಹಾಗಿದ್ರೆ ನಿಯಮ ಸ್ಪಷ್ಟವಾಗಿದೆ, ಮಾತು ಅಸ್ಪಷ್ಟವಾಗಿದ್ದಾಗ ಗೇಟು ತೆಗೆಯುವವರು ಇನ್ನೊಮ್ಮೆ ಕೇಳಿ ಖಚಿತ ಮಾಡ್ಕೋಬೇಕು, ಅಲ್ವಾ ಎಂದಳು. ಅಲ್ವಾ ಎಂದದ್ದು ಗೇಟಮ್ಮನಿಗೆ. ಗೇಟಮ್ಮ, ನಿಯಮ ಹಾಗೇ ಇದೆ ಎಂದಳು. ನವೀಕರಣದ ವಿಷಯ ಸಂಜೆಯೊಳಗೆ ತಿಳಿಸ್ತೀವಿ ಎಂದು ಮೇಡಂ ಎದ್ದಳು. ಹೊರಗೆ ಹೋಗುವಾಗ ಸಾಹೇಬ ಅವನ ಬೆನ್ನು ತಟ್ಟಿದ. "ಒಳ್ಳೇ ಮೇಷ್ಟ್ರು ಕಣ್ರೀ ನೀವು. ನಾನು ಹೇಳ್ಕೊಟ್ಟಿದ್ದಕ್ಕಿಂತ ಚೆನ್ನಾಗಿ ಹೇಳಿದ್ರಿ." ಆಗಲೂ ಅವನಿಗೆ ತಾನು ಮಾಡಿದ್ದೇನೆಂದು ಪೂರ್ತಿ ಹೊಳೆಯಲಿಲ್ಲ. ತನ್ನ ಜಾಗಕ್ಕೆ ಹೋಗಿ, ಗೀಸರಿನವನಿಗೆ ಫೋನ್ ಮಾಡಿದ. ನಾಳೆ ಬರ್ತೀನಿ ಸಾರ್ ಎಂದ ಅವನು.

ಪ್ಯಾಂಟ್ರಿಯಲ್ಲಿ ಗೇಟಮ್ಮ ಒಬ್ಬಳೇ ಇದ್ದಳು. ಸಿಂಕಿನ ಬಳಿ ತನ್ನ ಕಪ್ಪನ್ನು ತೊಳೆಯುತ್ತಿದ್ದಳು. ಮನೆಗೆ ಒಯ್ಯುವುದಕ್ಕೆ ತೊಳೆಯುವ ಹಾಗೆ, ಹಿಡಿಯ ಸಂದಿಗೂ ಬೆರಳು ಹಾಕಿ. ಅವನು ಬಾಗಿಲಲ್ಲಿ ನಿಂತ. ಏನಾದರೂ ಹೇಳಬೇಕಿತ್ತು.

"ನಾನು ಸುಳ್ಳು ಹೇಳ್ಲಿಲ್ಲ," ಎಂದ.

"ಗೊತ್ತು." ಅವಳು ತಿರುಗಲಿಲ್ಲ. "ಹೇಳಿದ್ರೆ ಏನು ಹೋಗ್ತಿತ್ತು ನಿಮ್ದು?"

"ಯಾವ ಸುಳ್ಳು?"

"ಯಾವುದಾದ್ರೂ. ಸರಿ ಅನ್ನೋ ಅರ್ಥದಲ್ಲಿ ಹೇಳ್ದೆ ಅಂದಿದ್ರೆ ನಾನು ಜಗಳ ಆಡ್ತಿದ್ದೆ. ಮೇಷ್ಟ್ರೇ, ಹಾಗಾದ್ರೆ ಎದ್ದು ಕಾಫಿಗೆ ಯಾಕೆ ಹೋದ್ರಿ ಅಂತ ಕೇಳ್ತಿದ್ದೆ. ಅದನ್ನ ಇಡೀ ದಾರಿ ಯೋಚ್ನೆ ಮಾಡ್ಕೊಂಡು ಬಂದಿದ್ದೆ. ನೀವು ಗೊತ್ತಿಲ್ಲ ಅಂದ್ಬಿಟ್ರಿ. ಗೊತ್ತಿಲ್ಲ ಅನ್ನೋರ ಜೊತೆ ಯಾರು ಏನು ಜಗಳ ಆಡ್ತಾರೆ?"

"ಅದು ನಿಜ. ನನಗೆ ನಿಜವಾಗ್ಲೂ..."

"ನಿಜಾನೇ ಇರ್ಲಿ. ನಿಮ್ಮ ಮನಸ್ಸಿನೊಳಗೆ ಏನಿತ್ತು ಅಂತ ನೀವು ಬೇಕಾದ್ರೆ ಒಂದು ವರ್ಷ ಕೂತು ಯೋಚ್ನೆ ಮಾಡಿ. ನಿಮಗೆ ಕೂರೋಕೆ ಕುರ್ಚಿ ಇದೆ. ಆಸ್ಪತ್ರೆ ಕೆಲಸ ಮಾಡೋ ಕಂಪನಿಗಳು ಬೆರಳೆಣಿಕೆ. ರೋಗಿ ವಿಷಯದಲ್ಲಿ ಹೊರಗೆ ಹಾಕಿದ್ರು ಅಂದ್ರೆ ನನ್ನನ್ನ ಯಾರೂ ಬಾಗಿಲ ಹತ್ರ ಸೇರಿಸಲ್ಲ." ಅವಳು ಕಪ್ಪನ್ನು ಬೋರಲು ಹಾಕಿದಳು. "ನಾನು ಇನ್ನೊಂದ್ಸಲ ಕೇಳ್ಬೇಕಿತ್ತು. ಅದು ನನ್ನ ತಪ್ಪು. ಬೆಳಿಗ್ಗೆ ನಿಮ್ಮನ್ನ ತಿದ್ದಿದ್ನಲ್ಲ. ಮತ್ತೆ ಕೇಳಿದ್ರೆ ನಿಮಗೆ ಬೇಜಾರಾಗುತ್ತೆ ಅಂತ ಕೇಳ್ಲಿಲ್ಲ."

ಅವನು ಅಲ್ಲಿ ನಿಲ್ಲಲಾಗದೆ ಹೊರಟ. ಕಾರಿಡಾರು ಉದ್ದಕ್ಕಿತ್ತು. ಅದರ ನೆಲಹಾಸಿನ ಮೇಲೆ ಹೆಜ್ಜೆಯ ಸದ್ದೇ ಆಗುತ್ತಿರಲಿಲ್ಲ. ಬೇಜಾರಾಗುತ್ತೆ ಅಂತ. ತಾನು ಎರಡು ಪದ ಉಳಿಸಿಕೊಂಡದ್ದಕ್ಕೆ ಕಾರಣ ಹುಡುಕುತ್ತಿದ್ದಾಗ, ಅವಳು ಒಂದು ಪ್ರಶ್ನೆ ಉಳಿಸಿಕೊಂಡದ್ದು ತನ್ನ ಮರ್ಯಾದೆ ಕಾಯಲು. ಈಗ ಹೋಗಿ ಹೇಳುವುದು ಒಳ್ಳೆಯತನವೋ, ಅವಳ ಮುಂದೆ ಸಣ್ಣವನಾಗಿ ಉಳಿಯಬಾರದೆಂಬ ಹಟವೋ ಎಂದು ಮನಸ್ಸು ಅಭ್ಯಾಸದಂತೆ ಕೆದಕಲು ಹೊರಟಿತು. ಅಷ್ಟರಲ್ಲಿ ಸಾಹೇಬನ ಕೋಣೆ ಬಂದಿತ್ತು. ಒಳಗೆ ಹೋದ. ಸಾಹೇಬ ಫೋನಿನಲ್ಲಿದ್ದ, ಕೂರಿ ಎಂದು ಸನ್ನೆ ಮಾಡಿದ. ಅವನು ಕೂರಲಿಲ್ಲ. ಫೋನಿಟ್ಟ ಮೇಲೆ ಹೇಳಿದ:

"ಸಾರ್, ಮುಗೀತು ಅನ್ನೋ ಅರ್ಥದಲ್ಲೇ ಹೇಳಿದ್ದು. ಅಕ್ಸೆಪ್ಟೆಡ್ ಅಂತ ಬಂದಿದ್ದನ್ನ ನೋಡಿ ಮುಗೀತು ಅಂದ್ಕೊಂಡೆ. ತಪ್ಪು ನಂದು. ಬರ್ಕೊಡ್ತೀನಿ."

ಸಾಹೇಬ ಅವನನ್ನು ನೋಡಿದ. ಮೊದಲು ಹುಬ್ಬು ಗಂಟಿಕ್ಕಿತು, ಆಮೇಲೆ ಗಂಟು ಬಿಚ್ಚಿತು, ಆಮೇಲೆ ಮುಖದ ತುಂಬ ಮೆಲ್ಲಗೆ ಏನೋ ಹರಡಿತು.

"ಈಗ ನೆನಪಾಯ್ತಾ?"

"ಹೂಂ ಸಾರ್."

"ಎಲ್ಲಿ, ಪ್ಯಾಂಟ್ರಿಯಲ್ಲಾ? ಬಾಗಿಲಲ್ಲಿ ನಿಂತಿದ್ದನ್ನ ನೋಡ್ದೆ."

ಸಾಹೇಬ ಪೆನ್ನಿನ ಮುಚ್ಚಳ ಹಾಕಿ, ತೆಗೆದು, ಮತ್ತೆ ಹಾಕಿದ.

"ನಾನೂ ಅಂದ್ಕೊಂಡೆ, ಇಷ್ಟು ಹಳೇ ಮನುಷ್ಯ, ಒಂದು ಆಯ್ತಿಗೆ ಅರ್ಥ ಹೇಳೋಕೆ ಇಷ್ಟ್ಯಾಕೆ ಒದ್ದಾಡ್ತಾನೆ ಅಂತ. ಈಗ ಗೊತ್ತಾಯ್ತು ಬಿಡಿ. ಮನೆಯವರು ಚೆನ್ನಾಗಿದಾರಾ?"

ಆ ಪ್ರಶ್ನೆ ಕಿವಿಗೆ ಬಿದ್ದು, ಅರ್ಥವಾಗುವ ಮೊದಲೇ ಅವನ ಕುತ್ತಿಗೆ ಬಿಸಿಯಾಯಿತು. ಅವಳಿಗೂ ನನಗೂ ಹಾಗೇನೂ ಇಲ್ಲ ಸಾರ್ ಎನ್ನಬೇಕು. ಎಂದರೆ, ನಾನೇನಂದೆ ಅಂತ ಇವನು ಕೈ ಅಗಲಿಸುತ್ತಾನೆ. ಸಿಟ್ಟಾದರೆ ಇನ್ನೂ ಖಾತ್ರಿ. ಹೊರಗೆ ನಡೆದರೆ ಅವಳ ಕೆಲಸ ಇಲ್ಲೇ ಈ ಮೇಜಿನ ಮೇಲೆ ಉಳಿಯುತ್ತದೆ. ಬೆಳಿಗ್ಗೆಯಿಂದ ಅವನು ಒಂದು ಪದದ ಅರ್ಥಕ್ಕಾಗಿ ತಡಕಾಡಿದ್ದ. ಈ ಮನುಷ್ಯನ ಮಾತಿಗೆ ಮಾತ್ರ ಒಂದೇ ಅರ್ಥವಿತ್ತು, ಅದನ್ನು ಯಾರೂ ರೆಕಾರ್ಡ್ ಮಾಡಿಕೊಂಡಿರಲಿಲ್ಲ.

"ಚೆನ್ನಾಗಿದಾಳೆ," ಎಂದ.

"ಹಾಂ. ಮನೆ ಚೆನ್ನಾಗಿರ್ಬೇಕು, ಅದು ಮುಖ್ಯ." ಸಾಹೇಬ ಕಾಗದ ಎಳೆದುಕೊಂಡ. "ಆಯ್ತು, ನಿಮಗೊಂದು ಎಚ್ಚರಿಕೆ ಪತ್ರ. ಆಸ್ಪತ್ರೆ ಕೆಲಸದಿಂದ ಆಚೆ ಹಾಕ್ತೀನಿ, ಹಿಂದಿನ ಕೋಣೇಲಿ ಹಳೇ ಸರ್ವರ್ ನೋಡ್ಕೊಂಡಿರಿ. ಅವಳದು ನವೀಕರಣ ಮಾಡೋಣ. ನಾನೇನು ಕಟುಕನಾ? ಗಂಡಸಿನ ಕಷ್ಟ ಗಂಡಸಿಗೆ ಅರ್ಥ ಆಗುತ್ತೆ." ಇಷ್ಟು ಹೇಳಿ ಕಣ್ಣು ಮಿಟುಕಿಸಲಿಲ್ಲ. ಮಿಟುಕಿಸಿದ್ದರೆ ಇಷ್ಟು ಕೆಟ್ಟದೆನಿಸುತ್ತಿರಲಿಲ್ಲ.

ಪ್ಯಾಂಟ್ರಿಗೆ ಮರಳಿದಾಗ ಗೇಟಮ್ಮ ಕಪ್ಪನ್ನು ಕಾಗದದಲ್ಲಿ ಸುತ್ತುತ್ತಿದ್ದಳು. ಅವನ ಮುಖ ನೋಡಿ ಕೈ ನಿಲ್ಲಿಸಿದಳು.

"ಹೇಳಿದ್ರಾ?"

"ಹೇಳ್ದೆ. ನವೀಕರಣ ಮಾಡ್ತಾರಂತೆ."

ಅವಳು ಸಿಂಕಿಗೆ ಒರಗಿ, ಎರಡೂ ಕೈಯಿಂದ ಮುಖ ಮುಚ್ಚಿಕೊಂಡು, ಬೆರಳಿನ ಸಂದಿಯಿಂದ ಒಂದು ದೊಡ್ಡ ಉಸಿರು ಬಿಟ್ಟಳು. ಕೈ ತೆಗೆದಾಗ ಮುಖ ಕೆಂಪಗಿತ್ತು.

"ನಿಜ ಹೇಳಿ, ನನ್ನ ಬಗ್ಗೆ ಏನಾದ್ರೂ ಅಂದ್ರಾ ಅವ್ರು?"

"ಏನೂ ಅನ್ಲಿಲ್ಲ."

"ಏನೂ?"

"ನಿನ್ನ ಹೆಸರೇ ಬರ್ಲಿಲ್ಲ ಮಾತಲ್ಲಿ."

ತಡವರಿಸದೆ ಹೇಳಿದ. ದನಿ ಮೂಗಿನಿಂದ ಬರಲಿಲ್ಲ, ಕೊನೆಯಲ್ಲಿ ಏರಲಿಲ್ಲ, ಇಳಿಯಲೂ ಇಲ್ಲ. ಅವಳು ನಂಬಿದಳು. ಚೀಲದಿಂದ ಬಿಸ್ಕತ್ತಿನ ಪೊಟ್ಟಣ ತೆಗೆದು ಹರಿದು ಅವನ ಮುಂದೆ ಹಿಡಿದಳು. ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಕಣ್ರೀ, ನೀವೂ ತಿಂದಿರಲ್ಲ, ತಗೊಳ್ಳಿ ಎಂದು ಮೊದಲ ಸಲ ನಕ್ಕಳು. ನಗುವಾಗ ಅವಳ ಕಣ್ಣಲ್ಲಿ ನೀರಿತ್ತು. ಅವನು ಒಂದು ತೆಗೆದುಕೊಂಡ. ಇಬ್ಬರೂ ಸಿಂಕಿನ ಬಳಿ ನಿಂತು, ಹಸಿದವರ ಹಾಗೆ ತಿನ್ನತೊಡಗಿದರು. ಅವಳು ತೋಳಿನಿಂದ ಕಣ್ಣೊರೆಸಿಕೊಂಡಳು.

ನೀರಿನ ಬಾಟಲಿ ಹಿಡಿದುಕೊಂಡು ಸಾಹೇಬ ಬಾಗಿಲಿಗೆ ಬಂದ. ಅವರಿಬ್ಬರನ್ನೂ ನೋಡಿದ. ಅವಳ ಬೆನ್ನು ಅತ್ತ ಇತ್ತು, ಅವಳು ನೋಡಲಿಲ್ಲ. ಸಾಹೇಬ ಅವನಿಗೆ ಮಾತ್ರ ಕಾಣುವಂತೆ ಅಂಗೈ ಎತ್ತಿ, ಇರಲಿ ಇರಲಿ ಎಂದು ಸನ್ನೆ ಮಾಡಿ, ಒಂದು ಹೆಜ್ಜೆ ಹಿಂದೆ ಸರಿದು, ಸದ್ದಾಗದ ಹಾಗೆ ಬಾಗಿಲನ್ನು ಹೊರಗಿನಿಂದ ಎಳೆದುಕೊಂಡ.